ನುಣುಪಣ್ಣ ಕಟ್ಟಿದ ಶಾಲೆ

ನಮ್ಮ ಬೀದಿಯಲ್ಲಿ ಮುಖದ ಮೇಲೆ ಕಲೆ ಇಲ್ಲದವರೇ ಇಲ್ಲ. ಆದರೆ ಅವರ ಫೋಟೋಗಳಲ್ಲಿ ಒಂದೇ ಒಂದು ಕಲೆ ಹುಡುಕಿ ತೋರಿಸಿ ನೋಡೋಣ. ಮೂಲೆಯ ಫೋಟೋ ಸ್ಟುಡಿಯೋದ ಮಾಲೀಕನ ಕೈಗೆ ಸಿಕ್ಕ ಯಾವ ಮುಖವೂ ಸುಲಿದ ಮೊಟ್ಟೆಯಂತಾಗದೆ ಹೊರಗೆ ಬರುವುದಿಲ್ಲ. ಮೊಡವೆ, ಸುಕ್ಕು, ಜಗಳದಲ್ಲಿ ಬಿದ್ದ ಹೊಲಿಗೆ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಅವನು ಕಂಪ್ಯೂಟರಿನ ಮುಂದೆ ಕೂತು ಒರೆಸಿಹಾಕುತ್ತಾನೆ. ಅದಕ್ಕೇ ಜನ ಅವನನ್ನು ನುಣುಪಣ್ಣ ಎಂದು ಕರೆಯುತ್ತಾರೆ. ಅವರು ಕರೆಯುವುದು ತಮಾಷೆಗೆ. ಅವನು ಅದನ್ನು ಬಿರುದೆಂದು ತಿಳಿದಿದ್ದಾನೆ.

ಒಮ್ಮೆ ಅವನು ತನ್ನ ಅತ್ತೆಯ ಗಲ್ಲದ ಮೇಲಿದ್ದ ಮಚ್ಚೆಯನ್ನೇ ತೆಗೆದುಬಿಟ್ಟ. ಆ ಫೋಟೋ ಹಿಡಿದು ಪಿಂಚಣಿ ತರಲು ಹೋದ ಮುದುಕಿಯನ್ನು ಬ್ಯಾಂಕಿನವರು, "ಇದು ನಿಮ್ಮ ಮಗಳ ಫೋಟೋ ಇರ್ಬೇಕು, ಅವರನ್ನೇ ಕಳಿಸಿ" ಎಂದು ವಾಪಸ್ಸು ಅಟ್ಟಿದರು. ಅತ್ತೆ ಬ್ಯಾಂಕಿನಿಂದ ಸೀದಾ ಸ್ಟುಡಿಯೋಗೆ ಬಂದರು.

"ನಿಮ್ಮ ಮಾವ ಬದುಕಿರೋವರೆಗೂ ಈ ಮಚ್ಚೆ ನೋಡ್ಕೊಂಡೇ ಊಟ ಮಾಡಿದ್ರು. ಅದನ್ನ ತೆಗೀರಿ ಅಂತ ನಿಮಗೆ ಯಾರು ಹೇಳಿದ್ರು ಅಳಿಯಂದ್ರೇ?"

"ಯಾಕತ್ತೆ, ಚೆನ್ನಾಗಿ ಬಂದಿಲ್ವಾ?"

"ತುಂಬ ಚೆನ್ನಾಗಿ ಬಂದಿದೆ. ಬಂದಿರೋದು ನಾನಲ್ಲ, ಅಷ್ಟೇ."

ಬುದ್ಧಿವಂತನಾಗಿದ್ದರೆ ಇಷ್ಟಕ್ಕೇ ಪಾಠ ಕಲಿಯುತ್ತಿದ್ದ. ನುಣುಪಣ್ಣ ಕಲಿಯಲಿಲ್ಲ. ಅವನ ದಡ್ಡತನಕ್ಕೆ ಒಂದು ಇಡೀ ಇಲಾಖೆಯ ಬೆಂಬಲ ಸಿಗುವುದು ಇನ್ನೂ ಬಾಕಿ ಇತ್ತು.

ಬೀದಿಯ ಕೊನೆಯಲ್ಲಿ ಸರ್ಕಾರಿ ಶಾಲೆ ಇದೆ. ಇದೆ ಎನ್ನುವುದಕ್ಕಿಂತ, ಇನ್ನೂ ಬಿದ್ದಿಲ್ಲ ಎನ್ನುವುದು ಸರಿ. ಅದರ ಗೋಡೆಗಳಿಗೆ ಗಾರೆಗಿಂತ ರೂಢಿಯೇ ಹೆಚ್ಚು ಆಸರೆ. ನಾಲ್ಕನೇ ತರಗತಿಯ ಕೋಣೆಯ ತೊಲೆ ಉದ್ದಕ್ಕೆ ಸೀಳಿದೆ. ಕೆಳಗೆ ಒಂದು ಮರದ ಕಂಬ ಕೊಟ್ಟು ಅದನ್ನು ತಡೆದಿದ್ದಾರೆ. ಕಂಬಕ್ಕೆ ಒರಗಬಾರದು ಎಂಬುದೇ ಆ ತರಗತಿಯ ಮೊದಲ ಪಾಠ. ಮಳೆ ಬಂದರೆ ಮಕ್ಕಳು ಬೆಂಚು ಎಳೆದುಕೊಂಡು ಒಣಗಿದ ಮೂಲೆಗೆ ಗುಳೆ ಹೋಗುತ್ತಾರೆ, ಮೇಷ್ಟ್ರು ಕೊಡೆ ಹಿಡಿದುಕೊಂಡು ಭಾಗಾಕಾರ ಮಾಡುತ್ತಾರೆ. ಕಂಬದ ಪಕ್ಕದ ಬೆಂಚಿನಲ್ಲಿ ಕೂರುವವಳು ನುಣುಪಣ್ಣನ ಮಗಳು.

ಒಂದು ದಿನ ಶಾಲೆಯ ಹೆಡ್ ಮೇಡಂ ಸ್ಟುಡಿಯೋಗೆ ಬಂದರು. ಗಟ್ಟಿ ಗಂಟಲಿನ ಹೆಂಗಸು. ಆ ಗಂಟಲನ್ನು ಅವರು ಶಾಲೆಯೊಳಗೆ ಬಳಸುವುದಿಲ್ಲ. ಸುಣ್ಣ ಉದುರುತ್ತದೆಂದು ಭಯ.

"ಹಳೇ ಶಾಲೆಗಳನ್ನ ರಿಪೇರಿ ಮಾಡ್ಸೋಕೆ ಸರ್ಕಾರ ಹಣ ಕೊಡ್ತಿದೆಯಂತೆ. ತೀರಾ ಹಾಳಾಗಿದ್ರೆ ಹೊಸದಾಗೇ ಕಟ್ಟಿಸ್ತಾರಂತೆ. ಅರ್ಜಿ ಜೊತೆ ಫೋಟೋ ಹೋಗ್ಬೇಕು. ನಿಮ್ಮ ಮಗಳೂ ಅಲ್ಲೇ ಓದ್ತಾಳಲ್ಲ, ನೀವೇ ಬಂದು ತೆಗೀರಿ."

"ನೀವು ಹೇಳ್ಬೇಕಾ ಮೇಡಂ? ಹೇಗೆ ತೆಗೀತೀನಿ ನೋಡಿ!"

"ಚೆನ್ನಾಗಿ ತೆಗೀಬೇಡಿ. ಇರೋ ಹಾಗೆ ತೆಗೀರಿ."

ಈ ಮಾತು ಅವನ ವೃತ್ತಿಗೌರವಕ್ಕೆ ಚುಚ್ಚಿತು. ಆದರೂ ಹೋದ. ದೀಪ, ಕೊಡೆ, ಮೂರು ಕಾಲಿನ ಸ್ಟ್ಯಾಂಡು ಎಲ್ಲವನ್ನೂ ಹೊತ್ತುಕೊಂಡು ಹೋಗಿ ಶಾಲೆಯ ಎದುರು ನಿಂತು, ಅಭ್ಯಾಸಬಲದಿಂದ, "ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ" ಎಂದ. ಶಾಲೆ ಅಲುಗಲಿಲ್ಲ. ಅಲುಗದೇ ಇದ್ದದ್ದು ಎಲ್ಲರ ಪುಣ್ಯ. ನಾಲ್ಕನೇ ತರಗತಿಗೆ ಬಂದಾಗ ಕ್ಯಾಮೆರಾದಲ್ಲಿ ಕಣ್ಣಿಟ್ಟವನು ಮುಖ ಹುಳ್ಳಗೆ ಮಾಡಿದ.

"ಈ ಕಂಬ ಮಧ್ಯದಲ್ಲಿ ಅಡ್ಡ ಬರ್ತಿದೆ ಮೇಡಂ. ಒಂದೇ ನಿಮಿಷ, ಪಕ್ಕಕ್ಕಿಟ್ಟು ಆಮೇಲೆ ಮತ್ತೆ..."

"ಮುಟ್ಟಿದ್ರೆ ನಿಮ್ಮನ್ನೇ ಅಲ್ಲಿ ನಿಲ್ಲಿಸ್ತೀನಿ!" ಎಂದು ಮೇಡಂ ಕಿರುಚಿದರು. ಅಂಗೈಯಗಲದ ಗಾರೆ ಕಳಚಿ ಕೆಳಗೆ ಬಿತ್ತು. ಇಬ್ಬರೂ ತುದಿಗಾಲಲ್ಲಿ ಹೊರಗೆ ಬಂದರು.

ಆ ಮಧ್ಯಾಹ್ನ ಸ್ಟುಡಿಯೋದಲ್ಲಿ ನಡೆದದ್ದನ್ನು ಅಪರಾಧ ಎನ್ನಲು ಮನಸ್ಸು ಬರುವುದಿಲ್ಲ. ಅವನು ಮೊದಲು ಅಳಿಸಿದ್ದು ಬಾಗಿಲ ಪಕ್ಕದ ಒಂದು ನೀರಿನ ಕಲೆಯನ್ನು ಮಾತ್ರ. ಅದು ಹೋದಮೇಲೆ ಅದರ ಪಕ್ಕದ ಪಾಚಿ ಎದ್ದು ಕಾಣತೊಡಗಿತು. ಪಾಚಿ ತೆಗೆದ. ಪಾಚಿ ಹೋದ ಗೋಡೆಯ ಮೇಲೆ ಬಿರುಕು ತೀರಾ ಅಸಹ್ಯವಾಗಿ ಕಂಡಿತು. ಪಕ್ಕದ ಕ್ಷೌರದಂಗಡಿಯವನು ಹಳೇ ಪೇಪರ್ ಕೇಳಲು ಬಂದವನು ಹಿಂದೆ ನಿಂತು ನೋಡಿದ.

"ಲೇ, ಗೋಡೆಗೂ ಕ್ಷೌರ ಮಾಡ್ತಿದೀಯಲ್ಲೋ!"

"ಗಿರಾಕಿ ಅಂದ್ಮೇಲೆ ಗಿರಾಕೀನೇ ಕಣೋ. ನನ್ನ ಸ್ಟುಡಿಯೋ ಮುದ್ರೆ ಬಿದ್ದು ಹೋಗೋ ಫೋಟೋ ಇದು."

"ಅಲ್ವೋ, ಅವರಿಗೆ ಬಿರುಕೇ ಬೇಕು ಅಂತಲ್ವಾ ಹೇಳಿದ್ದು?"

"ಬಿಡ್ತೀನಿ ಬಿಡು, ಒಂದೆರಡು. ಮರ್ಯಾದಸ್ಥ ಬಿರುಕುಗಳನ್ನ ಬಿಡ್ತೀನಿ."

ಸಂಜೆಯ ಹೊತ್ತಿಗೆ ಮರ್ಯಾದಸ್ಥ ಬಿರುಕುಗಳೂ ಉಳಿದಿರಲಿಲ್ಲ. ಹಂಚುಗಳು ಸಾಲಾಗಿ ಕೂತಿದ್ದವು. ತೊಲೆ ಕೂಡಿಕೊಂಡಿತ್ತು, ಕಂಬ ಮಾಯವಾಗಿತ್ತು. ಮೇಲೆ ನೀಲಿ ಆಕಾಶ, ಬಾಗಿಲ ಬಳಿ ಎರಡು ಹೂವಿನ ಕುಂಡ. ಅರ್ಜಿಗೆ ಅಂದೇ ಕೊನೆಯ ದಿನವಾದ್ದರಿಂದ ಅವನು ಮೇಡಂಗೆ ತೊಂದರೆ ಕೊಡಲಿಲ್ಲ. ಫೋಟೋಗಳನ್ನು ತಾನೇ ಕಂಪ್ಯೂಟರಿನಿಂದ ಶಿಕ್ಷಣ ಇಲಾಖೆಯ ಕಚೇರಿಗೆ ಕಳಿಸಿಬಿಟ್ಟ. ಒಳ್ಳೆಯ ಮನುಷ್ಯ. ನಮ್ಮ ಬೀದಿಯಲ್ಲಿ ಅನಾಹುತಗಳನ್ನೆಲ್ಲ ಮಾಡುವವರು ಒಳ್ಳೆಯ ಮನುಷ್ಯರೇ. ಕೆಟ್ಟವರು ಅದರ ಬಿಲ್ಲು ಬರೆದುಕೊಳ್ಳುತ್ತಾರೆ.

ಕೆಲವು ತಿಂಗಳು ಯಾವ ಸುದ್ದಿಯೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಕ್ಷೌರದಂಗಡಿಯವನು ಓಡಿಬಂದ. ಶಿಕ್ಷಣ ಇಲಾಖೆಯ ಕಚೇರಿ ಎದುರು, ನಾಲ್ಕು ರಸ್ತೆ ಕೂಡುವಲ್ಲಿ, ಮನೆಯಷ್ಟು ದೊಡ್ಡ ಫ್ಲೆಕ್ಸ್ ಎದ್ದಿತ್ತು. "ಹಳೆಯ ಶಾಲೆಗೆ ಹೊಸ ಜೀವ" ಎಂಬ ಅಕ್ಷರಗಳ ಕೆಳಗೆ ನುಣುಪಣ್ಣನ ಫೋಟೋ. ಹೂಕುಂಡ ಸಮೇತ.

ನುಣುಪಣ್ಣ ಅಂಗಡಿ ಮುಚ್ಚಿ, ಹೆಂಡತಿ, ಮಗಳು, ಅತ್ತೆ ಎಲ್ಲರನ್ನೂ ಆಟೋದಲ್ಲಿ ತುಂಬಿಕೊಂಡು ಬಂದು ಫ್ಲೆಕ್ಸಿನ ಎದುರು ನಿಲ್ಲಿಸಿದ. ಎದೆಯುಬ್ಬಿಸಿ, "ಹೇಗಿದೆ?" ಎಂದ.

ಮಗಳು ತಲೆ ಎತ್ತಿ, ಫೋಟೋದಲ್ಲಿ ತೆರೆದಿದ್ದ ತನ್ನ ತರಗತಿಯ ಬಾಗಿಲೊಳಗೆ ನೋಡಿ, "ಅಪ್ಪಾ, ನಮ್ ಕಂಬ ಎಲ್ಲಿ?" ಎಂದಳು.

ಹೆಂಡತಿ ಬಹಳ ಹೊತ್ತು ನೋಡಿದಳು. ಅವಳು ಹೊಲಿಗೆ ಹಾಕುವವಳು. ಹರಿದದ್ದು ಎಲ್ಲಿದೆಯೆಂದು ನೋಡುವುದು ಅವಳ ಕಸುಬು. "ರೀ, ಇದು ಸೋರೋ ಶಾಲೆ ಅಲ್ವಾ?"

"ಹೌದು ಕಣೇ!"

"ಸೋರೋದು ಕಾಣ್ತಾನೇ ಇಲ್ಲ."

"ಅದೇ ಕಣೇ ಕೈಚಳಕ ಅಂದ್ರೆ!"

ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಮನೆಯಲ್ಲಿ ಎಲ್ಲರೂ ಬಚ್ಚಿಟ್ಟುಕೊಳ್ಳಲು ಜಾಗ ಹುಡುಕಿಕೊಳ್ಳುತ್ತಾರೆ. ಅತ್ತೆ ಮಾತ್ರ ತಮ್ಮ ಗಲ್ಲ ಮುಟ್ಟಿಕೊಂಡು, "ಮುಗೀತು, ಇನ್ನು ಶಾಲೆಗೂ ಬ್ಯಾಂಕಲ್ಲಿ ದುಡ್ಡು ಸಿಗಲ್ಲ" ಎಂದರು.

ಮಾರನೇ ದಿನದಿಂದ ಶಾಲೆಗೆ ಜನ ಬರತೊಡಗಿದರು. ಪಕ್ಕದ ಬಡಾವಣೆಯ ಒಬ್ಬ ತಂದೆ ಮಗನನ್ನು ಸೇರಿಸಲು ಬಂದು, ಗೇಟಿನಲ್ಲಿ ನಿಂತು, ಹೆಡ್ ಮೇಡಂ ಅವರನ್ನೇ ಕೇಳಿದ: "ಹೊಸ ಶಾಲೆಗೆ ಈ ಪಾಳುಮನೆ ಪಕ್ಕದಿಂದ ಹೋಗ್ಬೇಕಾ?"

ಮೇಡಂ ಅವನನ್ನು ಗೇಟಿನಲ್ಲೇ ಬಿಟ್ಟರು. ಸೀದಾ ಸ್ಟುಡಿಯೋಗೆ ಬಂದರು. ನುಣುಪಣ್ಣನ ತೋಳು ಹಿಡಿದರು. ತುಂಟ ಹುಡುಗನನ್ನು ಎಳೆದೊಯ್ಯುವ ಹಾಗೆ ಇಲಾಖೆಯ ಕಚೇರಿಗೆ ಎಳೆದೊಯ್ದರು.

ಕಚೇರಿಯ ಗುಮಾಸ್ತ ಕಡತದ ಮೇಲೆ ಎರಡೂ ಕೈ ಹರಡಿ, ಒಣಗಲು ಹಾಕಿದವನಂತೆ ಕೂತಿದ್ದ.

"ನಿಮ್ಮ ಶಾಲೆ ಕೆಲಸ ಮುಗಿದಿದೆಯಲ್ಲ ಮೇಡಂ."

"ಯಾವಾಗ ಶುರುವಾಯ್ತು?"

"ಅದು ಗೊತ್ತಿಲ್ಲ. ಮುಗಿದಿದೆ. ನೋಡಿ, ರಿಪೇರಿಗೆ ಮೊದಲು ಒಂದು ಫೋಟೋ, ರಿಪೇರಿ ಆದ್ಮೇಲೆ ಒಂದು ಫೋಟೋ ಇಡೋ ಪದ್ಧತಿ. ನಿಮ್ಮಿಂದ ಬಂದ ಫೋಟೋ ನೋಡಿದ್ವಿ. ಇದು ಮೊದಲಿನದಲ್ಲ ಅಂತ ಕುರುಡನಿಗೂ ಗೊತ್ತಾಗುತ್ತೆ. ಹಾಗಾಗಿ ಆಮೇಲಿನದರ ಜಾಗದಲ್ಲಿ ಇಟ್ವಿ. ಆಮೇಲಿನದು ಬಂದಿದೆ ಅಂದ್ರೆ ಕೆಲಸ ಆಗಿದೆ ಅಂತ. ಕೆಲಸ ಆಗಿದೆ ಅಂದ್ರೆ ಹಣ ಬಿಡುಗಡೆ."

"ಯಾರಿಗೆ?"

"ಕೆಲಸ ಮಾಡಿದವರಿಗೆ."

"ಯಾವ ಕೆಲಸ?" ಎಂದು ಮೇಡಂ ಶಾಲೆಯಲ್ಲಿ ಬಳಸದ ಗಂಟಲನ್ನು ಅಲ್ಲಿ ಬಳಸಿದರು. ಇಲಾಖೆಯ ಸುಣ್ಣ ಗಟ್ಟಿ. ಒಂದು ಚೂರೂ ಉದುರಲಿಲ್ಲ.

ಗುಮಾಸ್ತ ಫೋಟೋದ ಮೇಲೆ ಬೆರಳಿಟ್ಟ. "ಈ ಕೆಲಸ."

ಅಲ್ಲಿಯವರೆಗೆ ಸುಮ್ಮನಿದ್ದ ನುಣುಪಣ್ಣನಿಗೆ ತನ್ನ ಕಲೆಯ ಶ್ರೇಯಸ್ಸು ಯಾರೋ ಹೊಡೆದುಕೊಳ್ಳುತ್ತಿರುವುದು ತಡೆಯಲಾಗಲಿಲ್ಲ. "ಯಾರ್ರೀ ಅವರು? ಈ ಕೆಲಸ ಪೂರ್ತಿ ಮಾಡಿದ್ದು ನಾನು! ಗೋಡೆ ನಾನು ಮಾಡಿದ್ದು, ಹಂಚು ನಾನು ಮಾಡಿದ್ದು, ತೊಲೆ ಕೂಡಿಸಿದ್ದು ನಾನು!"

ಒಳಗಿನ ಕೋಣೆಯಿಂದ ಎಂಜಿನಿಯರ್ ಎದ್ದು ಬಂದರು. ದುಂಡಗಿನ, ಮೃದು ಮಾತಿನ ಮನುಷ್ಯ. ಯಾವಾಗಲೂ ಈಗಷ್ಟೇ ಊಟ ಮುಗಿಸಿದವರ ಹಾಗೆ ಕಾಣುತ್ತಿದ್ದರು.

"ನೀವೇನಾ ಮಾಡಿದ್ದು? ಕೂತ್ಕೊಳ್ಳಿ ಕೂತ್ಕೊಳ್ಳಿ. ಈ ಮಾತು ಬರೆದು ಕೊಡ್ತೀರಾ?"

"ಯಾಕೆ ಕೊಡಲ್ಲ?"

ಮೇಡಂ ಬೇಡ ಬೇಡ ಎಂದು ಕಾಲು ತುಳಿಯುತ್ತಿದ್ದರೂ ನುಣುಪಣ್ಣ ಬರೆದು ಕೊಟ್ಟ. ಎಂಜಿನಿಯರ್ ಅದನ್ನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ನಿಟ್ಟುಸಿರು ಬಿಟ್ಟರು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಿತ್ತು.

"ಒಳ್ಳೇದಾಯ್ತು. ಈಗ ಆ ಕಟ್ಟಡದಲ್ಲಿ ಬಿರುಕು ಕಂಡ್ರೆ, ಸೋರಿದ್ರೆ, ಕೆಲಸ ಮಾಡಿದವರೇ ಸರಿ ಮಾಡ್ಕೊಡ್ಬೇಕು. ನಿಯಮ ಹಾಗಿದೆ."

"ಸಾರ್, ನಾನು ಫೋಟೋದಲ್ಲಿ ಮಾಡಿದ್ದು!"

"ನಾವೂ ಫೋಟೋದಲ್ಲೇ ನೋಡಿದ್ದು."

ಹೀಗೆ ನಮ್ಮ ನುಣುಪಣ್ಣ, ಜೀವಮಾನದಲ್ಲಿ ಒಂದು ಇಟ್ಟಿಗೆಯನ್ನೂ ಎತ್ತಿಡದವನು, ಸರ್ಕಾರಿ ಶಾಲೆಯೊಂದನ್ನು ಕಳಪೆಯಾಗಿ ಕಟ್ಟಿದ ಗುತ್ತಿಗೆದಾರನಾದ. ಬಂದ ಹಣ ಯಾರ ಮನೆ ಸೇರಿತೆಂದು ಕೇಳಿದರೆ ಗುಮಾಸ್ತ ಫ್ಯಾನ್ ನೋಡಿದ, ಎಂಜಿನಿಯರ್ ಕಿಟಕಿ ನೋಡಿದರು. ಬೀದಿಯಲ್ಲಿ ಸುದ್ದಿ ಹರಡಿತು. ಕೆಲವರು ಅವನನ್ನು ಬೈದರು. ಕೆಲವರು ಮೆಲ್ಲಗೆ ಬಂದು, "ಎಷ್ಟು ಉಳೀತು?" ಎಂದು ಕೇಳಿದರು. ಒಬ್ಬಳು ತನ್ನ ಬಚ್ಚಲುಮನೆ ಕಟ್ಟಿಕೊಡಲು ಕೇಳಿದಳು.

ಅವನು ಸುಮ್ಮನೆ ಕೂರಲಿಲ್ಲ, ಅಷ್ಟು ಮಾತ್ರ ಹೇಳಬಹುದು. ಶಾಲೆಗೆ ಓಡಿ ಹೊಸದಾಗಿ ಫೋಟೋ ತೆಗೆದ. ಪಾಚಿ, ಬಿರುಕು, ಕಂಬ, ಆಕಾಶ ಕಾಣುವ ಹಂಚು, ಎಲ್ಲವೂ ಇರುವಂತೆಯೇ. ಜೀವನದಲ್ಲಿ ಮೊದಲ ಸಲ ಕಂಪ್ಯೂಟರ್ ಮುಟ್ಟದೆ ಫೋಟೋಗಳನ್ನು ಕಚೇರಿಗೆ ಒಯ್ದ. ಎಂಜಿನಿಯರ್ ಒಂದೊಂದನ್ನೂ ಬೆಳಕಿಗೆ ಹಿಡಿದು ಮೆಚ್ಚಿದರು.

"ಅದ್ಭುತ. ಈ ಬಿರುಕು ನೋಡಿ, ನಿಜವಾದದ್ದೇ ಅನ್ನಿಸುತ್ತೆ. ಏನ್ ಕೈರೀ ನಿಮ್ಮದು!"

"ಅದು ನಿಜವಾದ್ದೇ ಸಾರ್!"

"ನೀವು ಮಚ್ಚೆ ತೆಗೆಯೋರು ಅಂತ ಊರಿಗೇ ಗೊತ್ತು. ತೆಗೆಯೋಕೆ ಬರೋನಿಗೆ ಇಡೋಕೆ ಬರಲ್ವಾ?"

"ಬಂದು ನೋಡಿ ಸಾರ್. ನಡೆದ್ರೂ ಆಟೋದಲ್ಲಾದ್ರೂ ಇಲ್ಲೇ ಪಕ್ಕ. ಒಂದ್ಸಲ ಬನ್ನಿ."

"ಬಂದು ನೋಡಿಯಾಗಿದೆ ಅಂತ ವರದಿ ಇದೆ. ನಾನೇ ಸಹಿ ಹಾಕಿದೀನಿ. ಈಗ ಮತ್ತೆ ಬಂದ್ರೆ ಆಗ ಬಂದಿರಲಿಲ್ಲ ಅಂತಾಗುತ್ತೆ."

ಆ ವಾರ ಎರಡು ದಿನ ಬಿಡದೆ ಮಳೆ ಸುರಿಯಿತು. ಮೂರನೇ ಬೆಳಿಗ್ಗೆ, ಮಕ್ಕಳೆಲ್ಲ ಅಂಗಳದಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ, ನಾಲ್ಕನೇ ತರಗತಿಯಿಂದ ಮೂಟೆ ಇಳಿಸಿದಂಥ ಸದ್ದು ಬಂತು. ತೊಲೆಯ ಮೇಲಿನ ಗಾರೆ ಹಾಳೆಯಂತೆ ಕಳಚಿ ಕಂಬದ ಪಕ್ಕದ ಬೆಂಚಿನ ಮೇಲೆ ಬಿದ್ದಿತ್ತು. ಬೆಂಚು ಎರಡು ತುಂಡು. ಮಗಳ ಊಟದ ಡಬ್ಬಿ ರೊಟ್ಟಿಯಷ್ಟು ತೆಳ್ಳಗೆ.

ಹೆಂಡತಿ ಆ ಡಬ್ಬಿಯನ್ನು ತಂದು ಸ್ಟುಡಿಯೋದ ಮೇಜಿನ ಮೇಲೆ, ಗಂಡನ ಕಂಪ್ಯೂಟರಿನ ಮುಂದೆ ಇಟ್ಟಳು.

"ಇದನ್ನ ಸರಿ ಮಾಡಿ."

ನುಣುಪಣ್ಣ ಬಾಯಿ ತೆರೆದ.

"ಮಾಡ್ರೀ. ಉಬ್ಬಿಸಿ. ಹೂಕುಂಡ ಇಡಿ. ಪ್ರಾರ್ಥನೆ ಒಂದು ಸಾಲು ಕಮ್ಮಿ ಇದ್ದಿದ್ರೆ ಇದೇ ಮೇಜಿನ ಮೇಲೆ ಏನು ತಂದಿಡ್ತಿದ್ದೆ ಗೊತ್ತಾ?"

ಅವನು ಕಂಪ್ಯೂಟರ್ ಆರಿಸಿದ.

ಇಷ್ಟರಲ್ಲಿ ಫ್ಲೆಕ್ಸ್ ನೋಡಿ ಸಂತೋಷಪಟ್ಟ ದೊಡ್ಡ ಸಾಹೇಬರು ಶಾಲೆಯ ಉದ್ಘಾಟನೆಗೆ ತಾವೇ ಬರುವುದಾಗಿ ಹೇಳಿ ಕಳಿಸಿದರು. ದೊಡ್ಡ ಸಾಹೇಬರು ಎಂದರೆ ಎಂಜಿನಿಯರ್ ಯಾರ ಎದುರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೋ ಅವರು. ಎಂಜಿನಿಯರ್ ಹೆದರಲಿಲ್ಲ. ಅನುಭವಸ್ಥರು. ನಾಲ್ಕು ರಸ್ತೆಯ ಫ್ಲೆಕ್ಸನ್ನೇ ಬಿಚ್ಚಿಸಿ ತಂದು ಶಾಲೆಯ ಮುಂಭಾಗಕ್ಕೆ ಪೂರ್ತಿ ಮುಚ್ಚುವ ಹಾಗೆ ಕಟ್ಟಿಸಿದರು. ಗೇಟಿನಿಂದ ನೋಡಿದರೆ ಶಾಲೆ ಕಣ್ಣು ಕುಕ್ಕುವಂತಿತ್ತು. ಫ್ಲೆಕ್ಸಿನ ಹೂಕುಂಡದ ಕೆಳಗೆ ಎರಡು ನಿಜವಾದ ಹೂಕುಂಡ ಇಡಿಸಿದ್ದನ್ನು ನೋಡಿದರೆ ಅವರಲ್ಲೂ ಒಬ್ಬ ಕಲಾವಿದನಿದ್ದ ಎನ್ನಬೇಕು. ಫೋಟೋ ತೆಗೆಯಲು ಯಾರನ್ನು ಕರೆದರು? ಇನ್ಯಾರನ್ನು!

ದೊಡ್ಡ ಸಾಹೇಬರು ಅವಸರದವರು. ರಿಬ್ಬನ್ ಕತ್ತರಿಸಿ, ಚಪ್ಪಾಳೆ ಮುಗಿಯುವ ಮೊದಲೇ, "ಒಂದು ಕ್ಲಾಸ್‌ರೂಮ್ ನೋಡೇ ಹೋಗೋಣ" ಎಂದರು.

"ಒಳಗೆ ಬಣ್ಣ ಇನ್ನೂ ಒಣಗಿಲ್ಲ ಸಾರ್" ಎಂದರು ಎಂಜಿನಿಯರ್.

"ಹಾಗಾದ್ರೆ ಮಕ್ಕಳು ಎಲ್ಲಿ ಕೂರ್ತಿದಾರೆ?"

"ಬನ್ನಿ ಸಾರ್, ತೋರಿಸ್ತೀನಿ" ಎಂದು ಹೆಡ್ ಮೇಡಂ ಫ್ಲೆಕ್ಸಿನ ತುದಿಯನ್ನು ಪರದೆಯಂತೆ ಎತ್ತಿ ಹಿಡಿದರು. ನಾಲ್ಕನೇ ತರಗತಿಯ ಬಾಗಿಲು ತೆರೆದಿತ್ತು. ಒಳಗೆ ಕತ್ತಲೆ, ಗಾರೆಯ ರಾಶಿ, ಕಂಬ. ಮಕ್ಕಳನ್ನೆಲ್ಲ ಮೇಡಂ ಬೇಕೆಂದೇ ಅಂಗಳದ ಆಚೆ ತುದಿಯಲ್ಲಿ ನಿಲ್ಲಿಸಿದ್ದರು.

ಎಲ್ಲರೂ ತಡೆದು ನಿಂತಾಗ ನುಣುಪಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮುಂದೆ ಬಂದ. ಗಿರಾಕಿಗಳೊಂದಿಗೆ ಮಾತಾಡುವ ಅದೇ ಸಕ್ಕರೆಯಂಥ ದನಿ.

"ಎಂಜಿನಿಯರ್ ಸಾಹೇಬ್ರೇ, ತಾವು ಮೊದಲು ಒಳಗೆ ದಯಮಾಡಿಸಿ. ಆ ಕಂಬದ ಪಕ್ಕ. ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತೆ."

ಎಂಜಿನಿಯರ್ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಮೇಲೆ ನೋಡಿ, ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. "ನನಗೆ ಧೂಳು ಆಗಲ್ಲ."

"ಹೊಸ ಕಟ್ಟಡದಲ್ಲಿ ಎಲ್ಲಿ ಧೂಳು ಸಾರ್? ಒಂದು ಕ್ಲಿಕ್ಕು, ಅಷ್ಟೇ."

"ಇಲ್ಲಿಂದಲೇ ತೆಗೀರಿ."

"ಮಕ್ಕಳು ಇಡೀ ದಿನ ಕೂರ್ತಾರೆ ಸಾರ್. ತಾವು ಕಣ್ಣು ಮಿಟುಕಿಸೋ ಹೊತ್ತು ನಿಲ್ಲಿ."

"ಹೋಗ್ರೀ ಬೇಗ, ನನಗೆ ಇನ್ನೊಂದು ಕಡೆ ಉದ್ಘಾಟನೆ ಇದೆ" ಎಂದು ದೊಡ್ಡ ಸಾಹೇಬರು ಎಂಜಿನಿಯರ್ ಬೆನ್ನಿಗೆ ಕೈ ಹಚ್ಚಿ ತಳ್ಳಿದರು.

ಎಂಜಿನಿಯರ್ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೃದು ದನಿಯನ್ನೆಲ್ಲ ಎಲ್ಲೋ ಬಿಸಾಕಿ, ಒದರಿದರು: "ಬೇಡಿ ಸಾರ್! ಬೀಳುತ್ತೆ ಅದು! ತೊಲೆ ಸೀಳಿದೆ, ಯಾವ ಗಳಿಗೇಲಿ ಬೇಕಾದ್ರೂ ಬೀಳುತ್ತೆ!"

ನುಣುಪಣ್ಣನ ಹೆಂಡತಿ ಹೆಂಗಸರ ಸಾಲಿನಿಂದ ಮುಂದೆ ಬಂದು, ಗಂಟಲು ಏರಿಸದೆ ಕೇಳಿದಳು.

"ನಿಮಗೆ ಗೊತ್ತಿತ್ತು?"

ಎಂಜಿನಿಯರ್ ಚೌಕಟ್ಟು ಬಿಟ್ಟಿರಲಿಲ್ಲ.

"ನಿಮ್ಮ ತಲೆ ಮೇಲೆ ಬೀಳೋದು ನಿಮಗೆ ಕಾಣುತ್ತೆ. ನನ್ನ ಮಗಳ ತಲೆ ಮೇಲೆ ಬಿದ್ರೆ ಫೋಟೋದಲ್ಲಿ ಕಾಣಲ್ಲ. ಅಲ್ವಾ?"

ದೊಡ್ಡ ಸಾಹೇಬರು ಸುತ್ತಲಿನ ಜನರನ್ನು ನೋಡಿದರು, ಜನರ ಕೈಯಲ್ಲಿ ಎದ್ದು ನಿಂತಿದ್ದ ಫೋನುಗಳನ್ನು ನೋಡಿದರು. ಕತ್ತರಿಯನ್ನು ಗುಮಾಸ್ತನ ಕೈಗೆ ಕೊಟ್ಟರು. "ಇದರ ಬಗ್ಗೆ ತನಿಖೆ ಆಗುತ್ತೆ."

"ಅಲ್ಲಿವರೆಗೂ ಮಕ್ಕಳು ಸಾರ್?" ಎಂದರು ಮೇಡಂ.

"ಅಲ್ಲಿವರೆಗೂ ಯಥಾಸ್ಥಿತಿ."

ಈ ಶಬ್ದ ಕೇಳಿದಾಗ ನುಣುಪಣ್ಣನಿಗೆ ಏನಾಯಿತೋ. ಹುಟ್ಟಿದಂದಿನಿಂದ ಯಾರ ಮೇಲೂ ಕೈ ಎತ್ತದವನು, ಸಾಹೇಬರು ಹತ್ತಿ ಹೊರಟ ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈ ಬಡಿದ. "ಯಥಾಸ್ಥಿತಿ ಅಂದ್ರೆ ಏನ್ರೀ? ಅರ್ಧ ಬಿದ್ದಿದೆ, ಇನ್ನರ್ಧ ಬೀಳೋವರೆಗೂ ಕೂತ್ಕೊಳ್ಳಿ ಅಂತಲಾ? ಇಳೀರಿ ಕೆಳಗೆ! ನೀವು ಕೂತು ತೋರ್ಸಿ ಯಥಾಸ್ಥಿತೀಲಿ!"

ಡ್ರೈವರ್ ಹಾರ್ನ್ ಹೊಡೆದ. ಕಾರು ಅವನನ್ನು ಬಳಸಿಕೊಂಡು ಹೊರಟುಹೋಯಿತು. ಎಂಜಿನಿಯರ್ ಅದರ ಹಿಂದಿನ ಸೀಟಿನಲ್ಲಿದ್ದರು. ಮಕ್ಕಳಿಗೆ ಸಿಗದ ಭದ್ರವಾದ ಜಾಗ ಅವರಿಗೆ ಸಿಕ್ಕಿತ್ತು.

ಮಾರನೇ ದಿನ ಬೆಳಿಗ್ಗೆ ಗುಮಾಸ್ತ ಕಚೇರಿಗೆ ಬಂದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ, ಉದ್ದನೆಯ ಹಜಾರದಲ್ಲಿ, ಕಡತದ ಬೀರುಗಳ ನಡುವೆ ಒಂದನೇ ತರಗತಿ ಮತ್ತು ಎರಡನೇ ತರಗತಿ. ಮೀಟಿಂಗ್ ಕೋಣೆಯಲ್ಲಿ ಮೂರನೆಯದು. ಎಂಜಿನಿಯರ್ ಕೋಣೆಯಲ್ಲಿ ನಾಲ್ಕನೆಯದು. ನುಣುಪಣ್ಣ ಅವರ ತಿರುಗುವ ಕುರ್ಚಿಯನ್ನು ಹೊರಗೆ ತಂದು ಕಾರಿಡಾರಿನಲ್ಲಿಟ್ಟು, ಮೇಜನ್ನು ಗೋಡೆಗೆ ಸರಿಸಿ, ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದ. ಕ್ಷೌರದಂಗಡಿಯವನು ಕಪ್ಪುಹಲಗೆ ಹೊತ್ತು ತಂದಿದ್ದ. ಹೆಂಗಸರು ಮೆಟ್ಟಿಲ ತುಂಬ ಕೂತಿದ್ದರು. ಅವರನ್ನು ದಾಟಿ ಹೋಗುವ ಧೈರ್ಯ ಕಾವಲುಗಾರನಿಗೂ ಇರಲಿಲ್ಲ.

ಎಂಜಿನಿಯರ್ ಬಂದು ತಮ್ಮ ಕೋಣೆಯ ಬಾಗಿಲಲ್ಲಿ ನಿಂತರು. "ಏನಿದು ಮೇಡಂ? ಇದು ಕಚೇರಿ!"

"ಚಾವಣಿ ಗಟ್ಟಿಯಾಗಿದೆ. ನೀವೇ ಇಷ್ಟು ವರ್ಷ ಕೂತಿದೀರಲ್ಲ, ಅದಕ್ಕಿಂತ ವರದಿ ಬೇಕಾ?" ಎಂದರು ಮೇಡಂ. ಈಗ ಅವರ ಗಂಟಲಿಗೆ ಯಾವ ತಡೆಯೂ ಇರಲಿಲ್ಲ. "ಮಕ್ಕಳೇ, ಮಗ್ಗಿ!"

ಮಗ್ಗಿ ಶುರುವಾಯಿತು. ನಾಲ್ಕು ತರಗತಿಗಳೂ ಒಟ್ಟಿಗೆ, ಸುಣ್ಣ ಉದುರುತ್ತದೆಂಬ ಭಯವಿಲ್ಲದೆ, ಮೊದಲ ಸಲ ಪೂರ್ತಿ ಗಂಟಲಲ್ಲಿ. ಫೋನು ಎತ್ತಿದ ಗುಮಾಸ್ತ ಫೋನು ಇಟ್ಟ. ಮೇಲಿನ ಮಹಡಿಯಲ್ಲಿ ದೊಡ್ಡ ಸಾಹೇಬರ ಮೀಟಿಂಗ್ ನಿಂತಿತು. ತೊಲೆ ಸೀಳಿದ ಸದ್ದು ಮುಟ್ಟದ ಕಿವಿಗಳನ್ನು ಎಂಟರ ಮಗ್ಗಿ ಮುಟ್ಟಿತು. ಹನ್ನೊಂದರ ಮಗ್ಗಿಗೆ ಸಾಹೇಬರು ಮೆಟ್ಟಿಲ ಮೇಲೆ ಕಾಣಿಸಿಕೊಂಡರು, ಹದಿಮೂರಕ್ಕೆ ಹಜಾರದೊಳಗೆ ಬಂದರು.

"ನಿಲ್ಸಿ! ಆಯ್ತು, ಹೊಸ ಕಟ್ಟಡಕ್ಕೆ ಇವತ್ತೇ ಆದೇಶ ಮಾಡ್ತೀನಿ. ಕರ್ಕೊಂಡ್ ಹೋಗಿ ಮಕ್ಕಳನ್ನ."

"ಎಲ್ಲಿಗೆ ಸಾರ್?" ಎಂದು ನುಣುಪಣ್ಣ ಕೇಳಿದ.

ಸಾಹೇಬರು ವಾಚು ನೋಡಿಕೊಂಡರು. "ಎಷ್ಟು ದಿನ ಅಂತ ಇಲ್ಲೇ ಕೂರ್ತೀರಿ?"

"ಕಟ್ಟಡ ಎದ್ದು ನಿಲ್ಲೋವರೆಗೂ."

"ಅದಕ್ಕೆ ವರ್ಷ ಹಿಡಿಯುತ್ತೆ ಕಣ್ರೀ!"

"ಹಿಡೀಲಿ" ಎಂದರು ಮೇಡಂ. "ಹದಿಮೂರರವರೆಗೆ ಬಂದಿದೀವಿ ಅಷ್ಟೇ. ಮಗ್ಗಿಗೇನು ಕೊನೆ ಇದೆಯಾ?" ಮಕ್ಕಳ ಕಡೆ ತಿರುಗಿ ಕೈ ಎತ್ತಿದರು.

"ಹದಿನಾಲ್ಕೊಂದ್ಲ!"

ಎಂಜಿನಿಯರ್ ಮೇಜಿನ ಮುಂದಿನ ಸಾಲಿನಲ್ಲಿ ಕೂತಿದ್ದ ನುಣುಪಣ್ಣನ ಮಗಳು ಎಲ್ಲರಿಗಿಂತ ಮೊದಲು, ಕಿಟಕಿಯ ಗಾಜು ಝಲ್ಲೆನ್ನುವ ಹಾಗೆ ಕೂಗಿದಳು: "ಹದಿನಾಲ್ಕು!"